ನೆಲದಡಿಯ ಡೀಸೆಲ್ ಟ್ಯಾಂಕ್‌ಗೆ ಮಾಲಿನ್ಯ ವಿಮೆ ಮಾಡಿಸುವುದು ಹೇಗೆ?

ಚಿತ್ರದುರ್ಗದ ಕಡೆ ಬೋರ್‌ಗೆ ನೀರು ಬರುವುದು ಬಂಡೆಯ ಬಿರುಕುಗಳಿಂದ. ಟ್ಯಾಂಕ್ ಸೋರಿದರೆ ಡೀಸೆಲ್ ಹಿಡಿಯುವುದೂ ಅದೇ ದಾರಿ. ಬಿರುಕು ಎತ್ತ ತಿರುಗುತ್ತದೆ ಅಂತ ಮೇಲೆ ನಿಂತವರಿಗೆ ಕಾಣುವುದಿಲ್ಲ. ಪಕ್ಕದ ಹೊಲದ ಬೋರ್ ಚೆನ್ನಾಗಿದ್ದು, ಅದರಾಚೆಯ ತೋಟದ ನೀರು ವಾಸನೆ ಹೊಡೆಯಬಹುದು. ಹಿರಿಯೂರಿನಿಂದ ದಾವಣಗೆರೆವರೆಗೆ ಹೆದ್ದಾರಿ 48ರ ಪಕ್ಕ ಬಂಕ್ ಇಟ್ಟವರು, ಲಾರಿಗಳಿಗೆಂದು ಸ್ವಂತ ಟ್ಯಾಂಕ್ ಹೂತವರು ಇದನ್ನು ಓದಲೇಬೇಕು.

ಮೊದಲು, ಟ್ಯಾಂಕ್ ಯಾರದ್ದು ಅಂತ ನೋಡಿ. ಎಷ್ಟೋ ಬಂಕ್‌ಗಳಲ್ಲಿ ಟ್ಯಾಂಕ್ ಆಯಿಲ್ ಕಂಪನಿಯದ್ದು, ನಡೆಸುವವರು ಡೀಲರ್. ಸೋರಿದರೆ ಹೊಣೆ ಯಾರದ್ದು ಅಂತ ಒಪ್ಪಂದದಲ್ಲಿ ಹುಡುಕಿ.

ಆಮೇಲೆ ಈಗಿರುವ ಪಾಲಿಸಿ ತೆಗೆಯಿರಿ. ಬೆಂಕಿ ವಿಮೆ ನಿಮ್ಮ ಆಸ್ತಿಗೆ, ಪಕ್ಕದವರ ಬೋರ್‌ಗಲ್ಲ. ಭೋಪಾಲ್ ದುರಂತದ ನಂತರ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯ್ದೆ ಇನ್ನೊಂದು. ಅಪಾಯಕಾರಿ ವಸ್ತುವನ್ನು ನಿಗದಿತ ಪ್ರಮಾಣಕ್ಕಿಂತ ಜಾಸ್ತಿ ಇಡುವವರಿಗೆ ಆ ವಿಮೆ ಕಡ್ಡಾಯ. ಅದು ಅವಘಡದಲ್ಲಿ ನೊಂದ ಹೊರಗಿನವರಿಗೆ ಬೇಗ ಪರಿಹಾರ ಸಿಗಲಿ ಅಂತ ಮಾಡಿದ್ದು. ನಿಮ್ಮ ಜಾಗದ ಮಣ್ಣು ತೆಗೆದು ಶುಚಿ ಮಾಡುವ ಖರ್ಚಿಗೆ ಅದನ್ನು ನಂಬಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೇರೆಯವರಿಗಾದ ನಷ್ಟ ಕಟ್ಟಿಕೊಡುವ ಹೊಣೆಗಾರಿಕೆ ಪಾಲಿಸಿಗಳಲ್ಲಿ ಮಾಲಿನ್ಯ ಸಾಮಾನ್ಯವಾಗಿ ಹೊರಗೇ ಇರುತ್ತದೆ. ಸೇರಿಸಿದರೂ ‘ಹಠಾತ್ ಮತ್ತು ಆಕಸ್ಮಿಕ’ ಎಂಬ ಎರಡು ಪದ ಅಂಟಿಕೊಂಡಿರುತ್ತವೆ. ಆದರೆ ಹೂತ ಟ್ಯಾಂಕ್ ಒಂದೇ ದಿನ ಒಡೆಯುವುದು ಅಪರೂಪ. ತುಕ್ಕು ಹಿಡಿದು, ಪೈಪ್‌ನ ಜಾಯಿಂಟ್ ಸಡಿಲವಾಗಿ ತಿಂಗಳುಗಟ್ಟಲೆ ಜಿನುಗುತ್ತದೆ. ಅಂಥದ್ದಕ್ಕೆ ಕ್ಲೇಮ್ ಸಿಗದಿದ್ದರೆ ಪ್ರೀಮಿಯಂ ಕಟ್ಟಿ ಏನು ಪ್ರಯೋಜನ, ಅಲ್ವಾ? ‘ನಿಧಾನವಾಗಿ ಆದ ಸೋರಿಕೆಯೂ ಸೇರಿದೆಯಾ? ಶುಚಿ ಮಾಡುವ ಖರ್ಚು, ಕೋರ್ಟ್ ಖರ್ಚು ಬರುತ್ತದಾ?’ ಅಂತ ಕೇಳಿ. ಏಜೆಂಟ್ ಬಾಯಿಮಾತಿಗೆ ತಲೆಯಾಡಿಸಬೇಡಿ, ಪಾಲಿಸಿಯಲ್ಲಿ ಆ ಸಾಲನ್ನೇ ತೋರಿಸಲಿ.

ಇಂಥ ಪಾಲಿಸಿಗಳು ಹೆಚ್ಚಾಗಿ ಸೋರಿದ ದಿನವನ್ನಲ್ಲ, ನಿಮ್ಮ ಮೇಲೆ ಕ್ಲೇಮ್ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಜೊತೆಗೆ ಒಂದು ಹಿಂದಿನ ತಾರೀಖೂ ಇರುತ್ತದೆ. ಅದಕ್ಕೂ ಮೊದಲು ಶುರುವಾದ ಸೋರಿಕೆಗೆ ಹಣವಿಲ್ಲ. ಕಂಪನಿ ಬದಲಿಸುವಾಗ ಆ ತಾರೀಖು ಮುಂದಕ್ಕೆ ಹೋಗದಂತೆ ನೋಡಿಕೊಳ್ಳಿ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಡಿ ಪರಿಹಾರ ಕೇಳಲು 5 ವರ್ಷ ಸಮಯವಿದೆ. ಅಂದರೆ ಹಳೇ ಸೋರಿಕೆಯ ಕೇಸ್ ಪಾಲಿಸಿ ಬಿಟ್ಟ ಮೇಲೂ ಬರಬಹುದು.

ಅರ್ಜಿಗೆ ಮುಂಚೆ ಟ್ಯಾಂಕ್ ಮತ್ತು ಪೈಪ್‌ಗೆ ಒತ್ತಡ ಪರೀಕ್ಷೆ ಮಾಡಿಸಿ. ಸುತ್ತಲಿನ ಬೋರ್ ನೀರನ್ನೂ ಲ್ಯಾಬ್‌ಗೆ ಕೊಡಿ. ಟ್ಯಾಂಕ್‌ನ ವಯಸ್ಸು, ಹಳೇ ರಿಪೇರಿ ಮುಚ್ಚಿಡಬೇಡಿ, ಮುಚ್ಚಿಟ್ಟ ವಿಷಯವೇ ಮುಂದೆ ಕ್ಲೇಮ್ ತಪ್ಪಿಸುತ್ತದೆ.

ದಿನಾ ಬೆಳಿಗ್ಗೆ ಡಿಪ್ ಹಾಕಿ (ಅಳತೆ ಕೋಲು ಇಳಿಸಿ ಡೀಸೆಲ್ ಎಷ್ಟಿದೆ ಅಂತ ನೋಡಿ), ಮಾರಾಟದ ಮೀಟರ್ ಜೊತೆ ತಾಳೆ ನೋಡಿ ಬರೆಯಿರಿ. ತಳದಲ್ಲಿ ನೀರಿದೆಯಾ ಅಂತ, ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟ್ ಅನ್ನು ಕೋಲಿಗೆ ಹಚ್ಚಿ ನೋಡಿ. ಆವಿಯಾಗಿ ಸ್ವಲ್ಪ ಕಡಿಮೆಯಾಗುವುದು ಸಹಜ, ದಿನಾ ಒಂದೇ ಕಡೆ ವಾಲುವ ವ್ಯತ್ಯಾಸ ಸಹಜವಲ್ಲ. ಸೋರಿಕೆ ಯಾವಾಗ ಶುರುವಾಯಿತು ಅನ್ನುವುದಕ್ಕೆ ಆ ಪುಸ್ತಕವೇ ಸಾಕ್ಷಿ.

ಅನುಮಾನ ಬಂದ ದಿನವೇ ಆ ಟ್ಯಾಂಕ್‌ನ ಮಾರಾಟ ನಿಲ್ಲಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಅವರ ಒಪ್ಪಿಗೆ ಇಲ್ಲದೆ ಪರಿಹಾರದ ಮೊತ್ತ ಮಾತಾಡಬೇಡಿ. ಬೋರ್ ಕೆಟ್ಟ ಮನೆಗೆ ಟ್ಯಾಂಕರ್ ನೀರು ಕಳಿಸಲು ಮಾತ್ರ ಯಾರ ಒಪ್ಪಿಗೆಗೂ ಕಾಯಬೇಡಿ.