ಸ್ಕ್ವಿಡ್ ಕೊಕ್ಕನ್ನು ಮುರಿಯದೆ ಬಿಡಿಸಿ, ಕೆಡದಂತೆ ಇಡುವುದು

ತುಮಕೂರಿನ ಕಾಲೇಜು ಲ್ಯಾಬಿಗೆ ಸ್ಕ್ವಿಡ್ ಕೊಕ್ಕು ಬೇಕೆಂದರೆ ಕರಾವಳಿಗೆ ಹೋಗಬೇಕಿಲ್ಲ, ಐಸ್‌ನಲ್ಲಿ ಬರುವ ಬೊಂಡಾಸ್ (ಸ್ಕ್ವಿಡ್‌ಗೆ ಕರಾವಳಿಯ ಹೆಸರು) ಸಾಕು. ಅಂಗಡಿಯಲ್ಲಿ ಮೊದಲೇ ಹೇಳಿ: ‘ಕ್ಲೀನ್ ಮಾಡಬೇಡಿ, ತಲೆ ಸಮೇತ ಇಡಿಯಾಗಿ ಕೊಡಿ.’ ಕ್ಲೀನ್ ಮಾಡುವವರು ಹಿಸುಕಿ ಬಿಸಾಡುವುದೇ ಈ ಕೊಕ್ಕನ್ನು; ರಿಂಗ್ ಮಾಡಿದ ಪ್ಯಾಕೆಟ್ಟಿನಲ್ಲಿ ಅದು ಇರುವುದೇ ಇಲ್ಲ. ಮೈಯೊಳಗೆ ತೆಳ್ಳನೆಯ ಪಾರದರ್ಶಕ ಪಟ್ಟಿ ಇದ್ದರೆ ಸ್ಕ್ವಿಡ್. ದಪ್ಪನೆಯ ಬಿಳಿ ಸುಣ್ಣದ ಹಲಗೆ ಇದ್ದರೆ ಅದು ಕಪ್ಪೆ ಬೊಂಡಾಸ್, ಅಂದರೆ ಕಟಲ್‌ಫಿಶ್.

ತೋಳುಗಳನ್ನು ಹಿಂದಕ್ಕೆ ಮಡಚಿ. ನಡುವೆ ದುಂಡನೆಯ ತುಟಿ ಕಾಣುತ್ತದೆ. ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಕೊಕ್ಕನ್ನು ಸುತ್ತಿದ ಗಟ್ಟಿ ಮಾಂಸದ ಉಂಡೆ ಮುಂದಕ್ಕೆ ಬರುತ್ತದೆ; ಅದನ್ನು ಬುಡದಲ್ಲಿ ಕತ್ತರಿಸಿ ಇಡಿಯಾಗಿ ತೆಗೆಯಿರಿ. ಕಪ್ಪು ತುದಿಯನ್ನು ಚಿಮಟದಲ್ಲಿ ಹಿಡಿದು ಎಳೆಯಲೇಬೇಡಿ. ಕೊಕ್ಕು ಕೈಟಿನ್ (ಕೀಟಗಳ ಹೊರಕವಚದಲ್ಲಿರುವ ವಸ್ತು) ಮತ್ತು ಪ್ರೋಟೀನಿನದು, ಮೂಳೆಯಲ್ಲಿರುವಂಥ ಖನಿಜ ಇದರಲ್ಲಿಲ್ಲ. ತುದಿ ಕಡುಗಪ್ಪು, ಬಲು ಗಟ್ಟಿ. ಹಿಂದೆ ಹೋದಂತೆ ಬಣ್ಣ ತಿಳಿಯಾಗಿ, ಅಂಚಿನ ರೆಕ್ಕೆಗಳು ನೀರು ಕುಡಿದು ಮೆತ್ತಗಿರುತ್ತವೆ. ಎಳೆದರೆ ಹರಿಯುವುದು ಅಲ್ಲೇ. ಆ ರೆಕ್ಕೆಗಳಿಲ್ಲದ ಕೊಕ್ಕು ಅರ್ಧ ಕೊಕ್ಕು.

ಉಂಡೆಯನ್ನು ಮುಚ್ಚಳದ ಬಾಟಲಿಯಲ್ಲಿ ಬರೀ ನೀರಿಗೆ ಹಾಕಿ ಹೊರಗಿಡಿ, ದಿನಕ್ಕೆರಡು ಸಲ ನೀರು ಬದಲಿಸಿ. ನಾತ ಬರುತ್ತದೆ, ಬರಲಿ. ಒಂದೆರಡು ದಿನದಲ್ಲಿ ಮಾಂಸ ಸಡಿಲವಾಗುತ್ತದೆ, ಆಗ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಉಜ್ಜಿದರೆ ಎರಡೂ ಭಾಗ ಬಿಡುತ್ತವೆ. ಬ್ಲೀಚ್ ಹಾಕಬೇಡಿ, ಅದು ಪ್ರೋಟೀನನ್ನು ತಿಂದು ಬಣ್ಣವನ್ನೂ ತೆಗೆಯುತ್ತದೆ. ಗಿಳಿಗೆ ಮೇಲ್ಕೊಕ್ಕು ಕೆಳಗಿನದನ್ನು ಮುಚ್ಚಿದರೆ, ಇಲ್ಲಿ ಕೆಳಕೊಕ್ಕೇ ಮೇಲಿನದನ್ನು ಹೊರಗಿನಿಂದ ತಬ್ಬಿರುತ್ತದೆ. ಜೋಡಿಸುವಾಗ ಹೆಚ್ಚಿನವರು ತಪ್ಪುವುದು ಇಲ್ಲಿ. ಆಕ್ಟೋಪಸ್‌ಗೂ ಇದೇ ಕ್ರಮ, ಅದರ ತುದಿ ಮಾತ್ರ ಗಿಡ್ಡ, ಮೊಂಡು.

ಬಿಸಿಲಿಗೆ ಒಣಗಿಸಬೇಡಿ: ರೆಕ್ಕೆ ಸುರುಳಿ ಸುತ್ತಿ ಪಟ್ಟನೆ ಒಡೆಯುತ್ತದೆ. 70% ಆಲ್ಕೋಹಾಲಿನಲ್ಲಿಡಿ. 96% ಎಥನಾಲ್ ಇದ್ದರೆ 70 ಮಿ.ಲೀ. ಅಳೆದು, ನೀರು ಸೇರಿಸಿ ಒಟ್ಟು 96 ಮಿ.ಲೀ. ಮಾಡಿ. ಮೆಡಿಕಲ್ ಶಾಪಿನ 70% ಐಸೋಪ್ರೊಪೈಲ್ ಆದರೂ ನಡೆಯುತ್ತದೆ, ಸ್ಯಾನಿಟೈಸರ್ ಜೆಲ್ ಬೇಡ.

ಕೆಳಕೊಕ್ಕಿನ ತುದಿಯಿಂದ ದವಡೆಯ ಮೂಲೆವರೆಗೆ (ತುದಿಯ ಕತ್ತರಿಸುವ ಅಂಚು ರೆಕ್ಕೆಯನ್ನು ಸೇರುವ ಜಾಗ) ವರ್ನಿಯರಿನಲ್ಲಿ ಅಳೆಯಿರಿ. ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿದ ಕೊಕ್ಕುಗಳಿಂದ, ಅದು ನುಂಗಿದ ಸ್ಕ್ವಿಡ್‌ಗಳ ಗಾತ್ರವನ್ನು ವಿಜ್ಞಾನಿಗಳು ಅಂದಾಜಿಸುವುದು ಈ ಅಳತೆಯಿಂದಲೇ. ಹಾಗಾಗಿ ಮೈಯುದ್ದವನ್ನೂ ಬರೆದಿಡಿ. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆದು ಬಾಟಲಿಯೊಳಗೆ ಹಾಕಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ‘ತುಮಕೂರು’ ಎಂದಷ್ಟೇ ಬರೆದರೆ ಸಾಲದು: ಅದು ಕೊಂಡ ಊರು. ಮಲ್ಪೆಯದೋ ಮಂಗಳೂರಿನದೋ ಎಂದು ಅಂಗಡಿಯವರನ್ನು ಕೇಳಿ ಅದನ್ನೂ ಸೇರಿಸಿ.