ಮಜಲು ಲೆಕ್ಕ ಬರೆದುಕೊಂಡು ಕ್ಸೆನೊಫೋನ್‌ನನ್ನು ಓದಿದ್ದು

ಅಥೆನ್ಸಿನ ಕ್ಸೆನೊಫೋನ್ ತಾನೂ ಇದ್ದ ಗ್ರೀಕ್ ಬಾಡಿಗೆ ಸೈನ್ಯದ ದಂಡಯಾತ್ರೆಯ ಬಗ್ಗೆ ಬರೆದ ‘ಅನಾಬಾಸಿಸ್’ ಹಿಡಿದವರು ಮೊದಲ ಭಾಗದಲ್ಲೇ ಬೇಸತ್ತು ಬಿಡುವುದುಂಟು: ಇಷ್ಟು ಮಜಲು (ಒಂದು ದಿನದ ನಡಿಗೆ), ಇಷ್ಟು ಪರಸಾಂಗ್ (ಪರ್ಷಿಯನ್ನರ ದೂರದ ಅಳತೆ), ಇಂಥ ನದಿ, ಇಷ್ಟು ದಿನ ಬಿಡಾರ. ನಾನು ಇದನ್ನು ಓದಿದ್ದು ರೂಲು ಹಾಕಿದ ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು. ಒಂದು ಪುಟಕ್ಕೆ ಐದು ಕಾಲಂ: ಜಾಗ, ಮಜಲು, ಪರಸಾಂಗ್, ತಂಗಿದ ದಿನ, ತಿಂದದ್ದು. ಜೊತೆಗೆ ಟರ್ಕಿ, ಸಿರಿಯಾ, ಇರಾಕ್‌ಗಳ ಬೆಟ್ಟ-ನದಿ ಕಾಣುವ ನಕ್ಷೆ. ರಸ್ತೆ ನಕ್ಷೆ ಕೆಲಸಕ್ಕೆ ಬರುವುದಿಲ್ಲ.

ಪರಸಾಂಗ್ ಎಂದರೆ ಗ್ರೀಕರ ಅಳತೆಯಲ್ಲಿ 30 ಸ್ಟೇಡಿಯಾ, ಸುಮಾರು ಐದೂವರೆ ಕಿ.ಮೀ. ನಮ್ಮ ಹರದಾರಿಗಿಂತ ತುಸು ಉದ್ದ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಕಿರಿಯ ಸೈರಸ್ ಈ ಗ್ರೀಕರನ್ನೂ ಕರೆದುಕೊಂಡು, ದೊರೆಯಾಗಿದ್ದ ಅಣ್ಣ ಅರ್ಟಜರ್ಕ್ಸಿಸ್‌ನ ಮೇಲೆ ದಂಡೆತ್ತಿ, ಈಗಿನ ಟರ್ಕಿಯ ಪಶ್ಚಿಮದ ಸಾರ್ಡಿಸ್ ಬಿಟ್ಟ. ಮಿಯಾಂಡರ್ ನದಿಗೆ 3 ಮಜಲು, 22 ಪರಸಾಂಗ್. ಕೊಲೊಸ್ಸೆಗೆ 1 ಮಜಲು, 8 ಪರಸಾಂಗ್, ಅಲ್ಲಿ 7 ದಿನ. ಕೆಲೀನೆಗೆ 3 ಮಜಲು, 20 ಪರಸಾಂಗ್, ಅಲ್ಲಿ 30 ದಿನ. ಅಂಕಿಗಳು ಏರಿಳಿಯುತ್ತವೆ, ಅಳೆದ ದಾರಿಯ ಹಾಗೆ. ಬ್ಯಾಬಿಲೋನ್ ಹತ್ತಿರದ ಕುನಾಕ್ಸಾ ಕಾಳಗದಲ್ಲಿ ಸೈರಸ್ ಸತ್ತು, ಗ್ರೀಕ್ ಸೇನಾನಿಗಳನ್ನು ಮಾತುಕತೆಗೆ ಕರೆದು ಹಿಡಿದ ಮೇಲೆ ಉತ್ತರಕ್ಕೆ ಹೊರಟ ಭಾಗ ನೋಡಿ. ಆರ್ಮೇನಿಯಾದಲ್ಲಿ 2 ಮಜಲಿಗೆ 10, 3 ಮಜಲಿಗೆ 15: ದಿನಕ್ಕೆ ಸರಿಯಾಗಿ ಐದೈದು. ಇದು ಅಳತೆಯಲ್ಲ, ಅಂದಾಜು ಎಂದೇ ನನ್ನ ಎಣಿಕೆ. ಇಲ್ಲಿ ಕಿಲೋಮೀಟರಿಗೆ ಪರಿವರ್ತಿಸಿ ನಕ್ಷೆಯ ಮೇಲೆ ಗೆರೆ ಎಳೆದರೆ ಸೈನ್ಯ ಎಲ್ಲೋ ಹೋಗಿ ನಿಲ್ಲುತ್ತದೆ. ಪರಸಾಂಗನ್ನು ನಡೆದ ಹೊತ್ತು ಎಂದುಕೊಂಡು, ನದಿಗಳನ್ನು ಹಿಡಿದು ಹೋಗಬೇಕು. ಅದಕ್ಕೂ ಮುಂಚೆ ಕಾರ್ಡೂಖರೆಂಬ ಗುಡ್ಡಗಾಡು ಜನರ ಬೆಟ್ಟಗಳಲ್ಲಿ ಮೂರನೇ ಕಾಲಂ ಖಾಲಿ. ಏಳು ದಿನ ಬರೀ ಕಾದಾಟ. ಲೆಕ್ಕ ಇಡುವವರು ಯಾರು?

ಇನ್ನೊಂದು ಎಡವಟ್ಟು: ಎರಡನೇ ಭಾಗದಲ್ಲಿ 93 ಮಜಲು, 535 ಪರಸಾಂಗ್, 16,050 ಸ್ಟೇಡಿಯಾ ಎಂದು ಕುನಾಕ್ಸಾ ಕಾಳಗದವರೆಗಿನ ಮೊತ್ತ ಬರುತ್ತದೆ. ಗುಣಾಕಾರ ಸರಿಯಿದೆ, ಆದರೆ ಎಣಿಕೆ ಸಾರ್ಡಿಸ್‌ಗೂ ಹಿಂದಿನ, ಕರಾವಳಿಯ ಎಫೆಸಸ್‌ನಿಂದ ಶುರು. ಸಾರ್ಡಿಸ್‌ನಿಂದ ಕೂಡಿಸಿದ ನಿಮ್ಮ ಮೊತ್ತ ತಾಳೆಯಾಗದು. ಆ ಸಾಲು ಆಮೇಲೆ ಯಾರೋ ಸೇರಿಸಿದ್ದು ಎಂಬುದೇ ಹೆಚ್ಚಿನ ವಿದ್ವಾಂಸರ ಮತ.

ಅಂಕಿ ಸೊರಗಿದ ಕಡೆ ಕಣ್ಣು ಚುರುಕಾಗುತ್ತದೆ. ಹಿಮದಲ್ಲಿ ಕಣ್ಣಿನ ಮುಂದೆ ಕಪ್ಪಾದದ್ದೇನಾದರೂ ಹಿಡಿದು ನಡೆದವರ ದೃಷ್ಟಿ ಉಳಿಯಿತು. ಪಾದ ಉಳಿಸಿಕೊಳ್ಳಲು ಕಾಲಾಡಿಸುತ್ತಲೇ ಇರಬೇಕು, ರಾತ್ರಿ ಜೋಡು ಬಿಚ್ಚಬೇಕು. ಹಾಗೇ ಮಲಗಿದವರಿಗೆ ಪಟ್ಟಿಗಳು ಮಾಂಸದೊಳಗೆ ಇಳಿದವು. ಹಳೆಯ ಜೋಡು ಸವೆದು, ಆಗಷ್ಟೇ ಸುಲಿದ ಎತ್ತಿನ ಹಸಿ ಚರ್ಮ ಸುತ್ತಿಕೊಂಡಿದ್ದರು, ಅದು ಹೆಪ್ಪುಗಟ್ಟಿತು. ಐದನೇ ಕಾಲಂ ತುಂಬುವುದೂ ಇಲ್ಲೇ: ನೆಲದಡಿಯ ಮನೆಗಳಲ್ಲಿ ಕಾಳು ತೇಲುವ ಬಾರ್ಲಿ ಮದ್ಯ, ಅದನ್ನು ಹೀರಲು ಗೆಣ್ಣಿಲ್ಲದ ಜೊಂಡಿನ ಕೊಳವೆ.

ಕ್ಸೆನೊಫೋನ್ ತನ್ನನ್ನೇ ‘ಅವನು’ ಎಂದು ಬರೆದುಕೊಳ್ಳುತ್ತಾನೆ. ಸಾಲದ್ದಕ್ಕೆ ತನ್ನ ಗ್ರೀಕ್ ಇತಿಹಾಸ ‘ಹೆಲೆನಿಕಾ’ದಲ್ಲಿ ಈ ದಂಡಯಾತ್ರೆಯನ್ನು ಸಿರಾಕ್ಯೂಸ್‌ನ ಥೆಮಿಸ್ಟೊಜೆನೆಸ್ ಬರೆದನೆಂದು ಕೈತೊಳೆದುಕೊಳ್ಳುತ್ತಾನೆ. ಹಾಗಾಗಿ ಕ್ಸೆನೊಫೋನ್ ಭಾಷಣಕ್ಕೆ ನಿಂತಾಗಲೆಲ್ಲ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡರೆ ಒಳ್ಳೆಯದು. ‘ಹೆಲೆನಿಕಾ’ವನ್ನು ಒಂಟಿಯಾಗಿ ಓದಲೇಬೇಡಿ. ಅಥೆನ್ಸ್ ಗಡೀಪಾರು ಮಾಡಿದ, ಸ್ಪಾರ್ಟಾ ಸ್ಕಿಲ್ಲಸ್‌ನಲ್ಲಿ ಜಮೀನು ಕೊಟ್ಟ ಮನುಷ್ಯ ಅವನು. ಕ್ರಿ.ಪೂ. 371ರಲ್ಲಿ ಸ್ಪಾರ್ಟಾ ಸೋತ ಲ್ಯೂಕ್ಟ್ರಾ ಕಾಳಗದ ವರ್ಣನೆಯಲ್ಲಿ ಗೆದ್ದ ಥೀಬ್ಸ್‌ನ ಸೇನಾನಿ ಎಪಮಿನೊಂಡಾಸ್‌ನ ಹೆಸರೇ ಇಲ್ಲ.

ಪಕ್ಷಪಾತವಿಲ್ಲದ ಕ್ಸೆನೊಫೋನ್ ಬೇಕಾದರೆ ಕುದುರೆಯ ಪುಸ್ತಕ ಇದೆ, ಪುಟ್ಟದು. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅಲ್ಲೂ ಪಾದವೇ: ದಪ್ಪ ಗೊರಸು, ನೆಲದಿಂದ ಎತ್ತರದ ಪೊಳ್ಳು ಅಡಿ. ಒಳ್ಳೆಯ ಗೊರಸು ನೆಲಕ್ಕೆ ಬಿದ್ದರೆ ತಾಳದ ಹಾಗೆ ಸದ್ದಾಗುತ್ತದಂತೆ.