ಮುರುಗಲು, ಮರಳು, ಮಳೆ: ನಮ್ಮ ಮನೆಗೆ ನೆಲ ಆರಿಸಿದ್ದು

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಕಡಲಿನಿಂದ ಹೆಚ್ಚೆಂದರೆ ಒಂದು ಕಿಲೋಮೀಟರ್. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಅಜ್ಜ ಮಾಡಿಸಿದ ರೆಡ್ ಆಕ್ಸೈಡ್ ನೆಲ. ನಡುಮನೆಯಲ್ಲಿ ಆ ನೆಲ ಬಿರುಕು ಬಿಟ್ಟಿತ್ತು. ಮಳೆಗಾಲ ಬಂತೆಂದರೆ ಬಿರುಕಿನಿಂದ ತೇವವೂ ಇರುವೆಯೂ ಒಟ್ಟಿಗೇ ಮೇಲೆ ಬರುತ್ತಿದ್ದವು. 2024ರ ಮಳೆಗಾಲದೊಳಗೆ ನಡುಮನೆ ಮತ್ತು ಎರಡು ಕೋಣೆಗೆ ಹೊಸ ನೆಲ ಹಾಕಿಸುವುದು ಎಂದು ನಿಶ್ಚಯ ಮಾಡಿದೆವು. ಆಯಿ ಹೇಳಿದ್ದು ಒಂದೇ ಮಾತು: "ತಮಾ, ಚಂದ ಕಡೆಗೆ. ಜಾರದಿದ್ದ ನೆಲ ಹಾಕ್ಸು."

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಎಂಜಿನಿಯರ್ಡ್ ಸ್ಟೋನ್ ಟೈಲ್. ಕಲ್ಲಿನ ಹರಳು ಮತ್ತು ಪುಡಿಗೆ ರೆಸಿನ್ ಎಂಬ ಅಂಟು ಕಲಸಿ, ಒಳಗಿನ ಗಾಳಿ ಎಳೆದು ತೆಗೆದು, ಅದುರಿಸುತ್ತಾ ಒತ್ತಿ, ಬಿಸಿಯಲ್ಲಿ ಗಟ್ಟಿ ಮಾಡಿದ ಕಲ್ಲು ಇದು. ಈ ವಿಧಾನವನ್ನು ಬೆಳೆಸಿದ್ದು ಇಟಲಿಯ ಬ್ರೆಟಾನ್ ಕಂಪನಿ. ಬಣ್ಣ ಒಂದೇ ಸಮ ಇರುತ್ತದೆ, ನೀರು ಕುಡಿಯುವುದು ಬಹಳ ಕಡಿಮೆ. ನಮಗೆ ಹಿಡಿಸಿತು.

ಆದರೆ ಇದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತು ಮಾರುತ್ತಾರೆ. ಒಂದರಲ್ಲಿರುವುದು ಕ್ವಾರ್ಟ್ಸ್, ಅಂದರೆ ಬೆಣಚುಕಲ್ಲು, ತೂಕದಲ್ಲಿ ಸುಮಾರು ಶೇ. 90ರಷ್ಟು. ಇನ್ನೊಂದರಲ್ಲಿರುವುದು ಮಾರ್ಬಲ್ ಚೂರು. ದೂರದಿಂದ ನೋಡಿದರೆ ಎರಡೂ ಒಂದೇ. ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಕ್ವಾರ್ಟ್ಸ್‌ಗೆ 7, ಮಾರ್ಬಲ್‌ಗೆ ಸುಮಾರು 3. ನಾವು ಹೋದ ಮೊದಲ ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. "ಎಲ್ಲಾ ಒಂದೇ ಸರ್, ರೇಟು ಮಾತ್ರ ಬೇರೆ" ಅಂದರು. ನಾನು ಎರಡರ ತುಂಡನ್ನೂ ಮನೆಗೆ ತಂದೆ.

ನಮ್ಮ ಮನೆಯ ನೆಲದ ಮೇಲೆ ದಿನಾ ಏನು ಬೀಳುತ್ತದೋ ಅದನ್ನೇ ಆ ತುಂಡುಗಳ ಮೇಲೆ ಹಾಕಿ ನೋಡಿದೆ. ಲಿಂಬೆ ರಸ ಹತ್ತು ನಿಮಿಷ ಬಿಟ್ಟು ಒರೆಸಿದರೆ, ಮಾರ್ಬಲ್ ಚೂರಿನದ್ದರ ಮೇಲೆ ಹೊಳಪು ಹೋಗಿ ಮಂಕು ಕಲೆ ಉಳಿಯಿತು. ಹುಳಿಗೆ ಮಾರ್ಬಲ್ ಕರಗುತ್ತದೆ, ರೆಸಿನ್ ಇದ್ದರೂ ಅದು ತಪ್ಪುವುದಿಲ್ಲ. ಮುರುಗಲ ಹಣ್ಣಿನ ರಸವೂ ಹಾಗೇ ಮಾಡಿತು, ಮೇಲಿಂದ ನಸುಗೆಂಪು ಬಣ್ಣ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಮನೆ ತುಂಬ ಮುರುಗಲು ಒಡೆದು ಹರಡುವ ನಮಗೆ ಇದು ಸಣ್ಣ ವಿಷಯ ಅಲ್ಲ. ಕ್ವಾರ್ಟ್ಸ್ ತುಂಡಿಗೆ ಇವೆರಡರಿಂದ ಏನೂ ಆಗಲಿಲ್ಲ. ಎಣ್ಣೆಯಲ್ಲಿ ಕಲಸಿದ ಅರಿಶಿನ ಒಂದು ರಾತ್ರಿ ಬಿಟ್ಟಾಗ ಮಾತ್ರ ಬಿಳಿ ಕ್ವಾರ್ಟ್ಸ್ ಮೇಲೂ ತೆಳು ಹಳದಿ ಉಳಿಯಿತು. ಸೋಪು ನೀರಲ್ಲಿ ಎರಡು ದಿನ ಉಜ್ಜಿದ ಮೇಲೆ ಹೋಯಿತು. ಅದಕ್ಕೇ ಅಚ್ಚ ಬಿಳಿ ಬಿಟ್ಟು ಬೂದಿ ಬಣ್ಣದ್ದು ತೆಗೆದುಕೊಂಡೆವು.

ಆಮೇಲೆ ಮರಳು. ಮಕ್ಕಳು ಸಂಜೆ ಬೇಲೆಗೆ ಹೋಗಿ ಬಂದರೆ ಕಾಲಲ್ಲಿ ಅರ್ಧ ಮುಷ್ಟಿ ಮರಳು ಇದ್ದೇ ಇರುತ್ತದೆ. ನಮ್ಮ ಕಡಲ ಮರಳಿನಲ್ಲಿ ಬಹುಪಾಲು ಕ್ವಾರ್ಟ್ಸ್ ಕಣವೇ. ಅಂದರೆ 7ರ ಗಡಸುತನದ ಪುಡಿಯನ್ನು 3ರ ಕಲ್ಲಿನ ಮೇಲೆ ದಿನಾ ತಿಕ್ಕಿದಂತೆ. ಹಿಮ್ಮಡಿಯಲ್ಲಿ ಒತ್ತಿ ಇಪ್ಪತ್ತು ಸಲ ತಿಕ್ಕಿ ನೋಡಿದೆ. ಮಾರ್ಬಲ್ ತುಂಡಿನಲ್ಲಿ ಗೀರು ಬಂತು, ಕ್ವಾರ್ಟ್ಸ್‌ನಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಇರಲಿಲ್ಲ. ಅಲ್ಲಿಗೆ ಕ್ವಾರ್ಟ್ಸೇ ಎಂದು ತೀರ್ಮಾನವಾಯಿತು, ರೇಟು ಜಾಸ್ತಿಯಾದರೂ.

ಜಾರುವ ವಿಷಯಕ್ಕೆ ಅಂಗಡಿಯಲ್ಲೇ ಒಂದು ಚೊಂಬು ನೀರು ಕೇಳಿ, ಟೈಲ್ ಮೇಲೆ ಹೊಯ್ದು, ಬರಿಗಾಲಲ್ಲಿ ನಿಂತು ನೋಡಿದೆ. ಕನ್ನಡಿಯಂತೆ ಹೊಳೆಯುವುದು ಒದ್ದೆಯಾದರೆ ಜಾರುತ್ತದೆ. ಮ್ಯಾಟ್ ಫಿನಿಶ್ ಆದರೆ ಕಾಲಿಗೆ ಹಿಡಿತ ಸಿಗುತ್ತದೆ. ಜೂನ್‌ನಲ್ಲಿ ನಮ್ಮ ಕಡೆ ನೆಲ ಬೆವರುತ್ತದೆ, ಅಲ್ವಾ? ಒದ್ದೆ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತದೆ. ಯಾವ ಟೈಲ್ ಹಾಕಿದರೂ ಅದು ತಪ್ಪುವುದಿಲ್ಲ. ಹಾಗಾಗಿ ಆಯಿಗೆ ಬೇಕಾದದ್ದು ಮ್ಯಾಟ್ ಒಂದೇ.

ಎಲ್ಲಾ ಕಡೆಗೂ ಇದೇ ಹಾಕಲಿಲ್ಲ. ಒಂದು ತುಂಡನ್ನು ಅರ್ಧ ಮುಚ್ಚಿ, ಅರ್ಧ ಬಿಸಿಲಿಗೆ ಬಿಟ್ಟು ಪಡುವಣ ಜಗಲಿಯಲ್ಲಿ ಮೂರು ತಿಂಗಳು ಇಟ್ಟಿದ್ದೆ. ಬಿಸಿಲು ಬಿದ್ದ ಅರ್ಧ ಸ್ವಲ್ಪ ಹಳದಿಗೆ ತಿರುಗಿತ್ತು. ಕಲ್ಲಿಗೆ ಬಿಸಿಲು ಏನೂ ಮಾಡುವುದಿಲ್ಲ, ಅಂಟಿಗೆ ಮಾಡುತ್ತದೆ. ಜಗಲಿಗೆ ಒರಟು ಗ್ರಾನೈಟ್ ಹಾಕಿಸಿದೆವು. ಅಡುಗೆಮನೆಯಲ್ಲಿ ಬಿಸಿ ಪಾತ್ರೆ ನೆಲಕ್ಕಿಡುವ ರೂಢಿ ನಮ್ಮದು, ಬಿಸಿ ಜಾಸ್ತಿಯಾದರೆ ರೆಸಿನ್ ಕಲೆಯಾಗುತ್ತದೆ. ಅಲ್ಲಿಗೆ ರೆಸಿನ್ ಇಲ್ಲದ, ಮಣ್ಣನ್ನು ಹೆಚ್ಚು ಬಿಸಿಯಲ್ಲಿ ಸುಟ್ಟು ಮಾಡಿದ ವಿಟ್ರಿಫೈಡ್ ಟೈಲ್. ದೇವರ ಕೋಣೆಯಲ್ಲಿ ಉರಿವ ಕರ್ಪೂರ ಬಿದ್ದರೂ ಹೆದರಿಕೆ ಬೇಡ ಎಂದು ಅಜ್ಜನ ರೆಡ್ ಆಕ್ಸೈಡನ್ನೇ ಉಳಿಸಿದೆವು.

ಇನ್ನು ಹಾಕುವ ಕೆಲಸ. ಹಳೆ ನೆಲ ಕಿತ್ತು, ಜಲ್ಲಿ ತುಂಬಿ, ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿದೆವು. ಕಡಲ ಬದಿಯಲ್ಲಿ ಆ ಶೀಟ್ ಬಿಟ್ಟರೆ ತೇವ ಮೇಲೆ ಬಂದೇ ಬರುತ್ತದೆ. 28 ದಿನ ಕಳೆದ ಮೇಲೂ ನಾನು ಒಣಗಿತೆಂದು ನಂಬಲಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ತುಂಡಿನ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಟ್ಟೆ. ತೆಗೆದಾಗ ಅಡಿಯಲ್ಲಿ ನೀರಹನಿ. ಇನ್ನೂ ಎರಡು ವಾರ ಕಾದೆವು.

ಇಷ್ಟೆಲ್ಲಾ ಮಾಡಿಯೂ ಸಣ್ಣ ಕೋಣೆಯಲ್ಲಿ ಏಟು ಬಿತ್ತು. ನಾನು ಶಾಲೆಗೆ ಹೋಗಿದ್ದ ದಿನ ಕೆಲಸದವರು ಗ್ರಾನೈಟಿಗೆ ಮಾಡುವಂತೆ ಸಿಮೆಂಟ್ ಹಾಲು ಸುರಿದು ಟೈಲ್ ಕೂರಿಸಿದರು. ನಾಲ್ಕು ದಿನಕ್ಕೆ ಕೆಲವು ಟೈಲ್‌ಗಳ ಮೂಲೆ ಎದ್ದವು, ಅಂಚಲ್ಲಿ ಕಪ್ಪು ತೇವ ಕಾಣಿಸಿತು. ರೆಸಿನ್ ಇರುವ ಕಲ್ಲಿನ ಅಡಿ ಒದ್ದೆ, ಮೇಲೆ ಒಣ ಆದರೆ ಬಾಗುವ ಸಂಭವವಿದೆ. ಒಂಬತ್ತು ಟೈಲ್ ಕಿತ್ತು ಎಸೆಯಬೇಕಾಯಿತು. ತುಂಬಾ ಬೇಜಾರಾಯಿತು. ನಡುಮನೆಗೆ ಕಂಪನಿ ಹೇಳಿದ ಬೇಗ ಒಣಗುವ ಬಿಳಿ ಅಂಟನ್ನೇ ತರಿಸಿದೆ. ಹಲ್ಲಿನ ಕರಣೆಯಲ್ಲಿ ನೆಲಕ್ಕೂ ಎಳೆದು, ಟೈಲಿನ ಬೆನ್ನಿಗೂ ತೆಳುವಾಗಿ ಬಳಿದು ಕೂರಿಸಿದರು. ನಡುವೆ 2 ಮಿ.ಮೀ. ಸಂದು, ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್ ಅಡಿಯಲ್ಲಿ ಒಂದು ಬೆರಳು ಜಾಗ. ಮಾರನೇ ದಿನ ನಾಣ್ಯದಿಂದ ಒಂದೊಂದನ್ನೂ ತಟ್ಟಿ ನೋಡಿದೆ. ಟೊಳ್ಳು ಸದ್ದು ಬಂದ ಎರಡನ್ನು ತೆಗೆಸಿದೆ.

ಹೇಳಲೇಬೇಕಾದ ಒಂದು ವಿಷಯ ಇದೆ. ಮೊದಲ ದಿನ ಅಂಗಳದಲ್ಲಿ ಇಪ್ಪತ್ತರ ಹುಡುಗನೊಬ್ಬ ಒಣ ಕಟರ್ ಹಿಡಿದು ಟೈಲ್ ಕೊಯ್ಯುತ್ತಿದ್ದ. ಮುಖಕ್ಕೆ ಬರೀ ಟವೆಲ್ಲು. ಸುತ್ತ ಬಿಳಿ ಮಂಜಿನಂತೆ ಧೂಳು. ಕ್ವಾರ್ಟ್ಸ್ ಅಂದರೆ ಸಿಲಿಕಾ. ಆ ಸಣ್ಣ ಧೂಳು ಶ್ವಾಸಕೋಶಕ್ಕೆ ಹೋಗುತ್ತಿದ್ದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು, ಬಂದರೆ ವಾಸಿಯಾಗುವುದಿಲ್ಲ. ಕೆಲಸಗಾರರಿಗೆ ಈ ಕಾಯಿಲೆ ಬಂದ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಎಂಜಿನಿಯರ್ಡ್ ಸ್ಟೋನ್‌ನ ಅಡುಗೆಕಟ್ಟೆ, ಪ್ಯಾನಲ್, ಸ್ಲ್ಯಾಬ್‌ಗಳನ್ನು ನಿಷೇಧಿಸಿತು. ನೆಲಕ್ಕೆ ಕೂರಿಸಿದ ಟೈಲಿನಿಂದ ಮನೆಯವರಿಗೆ ತೊಂದರೆ ಇಲ್ಲ, ಕೊಯ್ಯುವವನಿಗೆ ಇದೆ. ನಾನು ಕೆಲಸ ನಿಲ್ಲಿಸಿದೆ. "ನಮಗೆ ರೂಢಿ ಆಗಿದೆ ಮಾಸ್ತರ್ರೆ, ಏನಾಗೂದಿಲ್ಲ" ಅಂದರು ಮೇಸ್ತ್ರಿ. ರೂಢಿಯಾಗುವ ಧೂಳಲ್ಲ ಇದು ಎಂದು ಕೂತು ವಿವರಿಸಿದೆ. ನೀರು ಹಾಯಿಸುವ ಕಟರ್ ಬಾಡಿಗೆಗೆ ತಂದೆವು, ಎಲ್ಲರಿಗೂ ಎನ್-95 ಮಾಸ್ಕ್ ಕೊಟ್ಟೆ. ಬಿದ್ದ ಕೆಸರನ್ನು ಒಣಗುವ ಮೊದಲೇ ಬಳಿದು ಚೀಲಕ್ಕೆ ತುಂಬಿದೆವು. ನಂತರ ನಾನೂ ಮೇಸ್ತ್ರಿಯೂ ಕಾಗದದ ಮೇಲೆ ಕೋಣೆಗಳನ್ನು ಬರೆದು, ಕೊಯ್ತ ಆದಷ್ಟು ಕಡಿಮೆಯಾಗುವಂತೆ ಟೈಲಿನ ಸಾಲು ಕೂಡಿಸಿದೆವು. ಅಂಟಿನ ಖರ್ಚಿಗಿಂತ ಈ ಖರ್ಚು ಕಡಿಮೆಯೇ. ಕ್ವಾರ್ಟ್ಸ್ ಹಾಕಿಸುವವರು ಮೊದಲ ದಿನವೇ ಇದನ್ನು ಮೇಸ್ತ್ರಿಗೆ ಹೇಳಿ, ದುಡ್ಡು ನೀವೇ ಕೊಡಿ.

ಈಗ ಗುಡಿಸಿ, ನೀರಲ್ಲಿ ಸ್ವಲ್ಪ ಸೋಪು ಹಾಕಿ ಒರೆಸುತ್ತೇವೆ. ಆ್ಯಸಿಡ್, ಬ್ಲೀಚ್ ಮುಟ್ಟಿಸುವುದಿಲ್ಲ. ಜಗಲಿಯ ಬಾಗಿಲಲ್ಲಿ ಮರಳಿಗೆಂದು ಒಂದು ನಾರಿನ ಕಾಲೊರಸು ಇದೆ. ಜೂನ್ ಬೆಳಗ್ಗೆ ನೆಲ ಬೆವರಿದಾಗ ಆಯಿ ಗೋಡೆ ಹಿಡಿಯದೇ ನಡುಮನೆ ದಾಟುತ್ತಾಳೆ. ಉಳಿದ ಆರು ಟೈಲುಗಳನ್ನು ಬ್ಯಾಚ್ ನಂಬರ್ ಬರೆದು ಅಟ್ಟದ ಕೆಳಗೆ ನಿಲ್ಲಿಸಿದ್ದೇನೆ. ಬೇರೆ ಬ್ಯಾಚಿನದ್ದಕ್ಕೆ ಬಣ್ಣ ಹೊಂದುವುದಿಲ್ಲ.